ಕಡಲು ಸೇರುವ ನೀರು ಮತ್ತು ಬಯಲುಸೀಮೆಯ ಪ್ರವಾಸಿ ಮಕ್ಕಳು

ಮಾಗಿಯ ಚಳಿ ಇಳಿಯುತ್ತಿದ್ದಂತೆ ಅರಬೈಲು ಮತ್ತು ದೇವಿಮನೆ ಘಟ್ಟಗಳ ತಿರುವುಗಳಲ್ಲಿ ಕೆ.ಎ. 28 ಎಂಬ ಫಲಕ ಹೊತ್ತ ಬಸ್ಸುಗಳ ಸಾಲು ಆರಂಭವಾಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲಾ ಮಕ್ಕಳು ರಾತ್ರಿಯೆಲ್ಲ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಅರೆನಿದ್ದೆಯಲ್ಲಿ ಸವೆಸಿ, ಬೆಳಗಾಗುವ ಹೊತ್ತಿಗೆ ಕರಾವಳಿಗೆ ಇಳಿಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ಮೊದಲ ಕಡಲು. ಅವರ ಕೈಯಲ್ಲಿರುವುದು ಒಂದೇ ಹಗಲು. ಆ ಹಗಲಿನಲ್ಲಿ ಗೋಕರ್ಣ, ಮುರ್ಡೇಶ್ವರ, ಸಾಧ್ಯವಾದರೆ ಇಡಗುಂಜಿ. ನಡುವೆ ಎಲ್ಲಿಯೋ ರಸ್ತೆ ಬದಿಯಲ್ಲಿ ಅನ್ನ. ಬಸ್ಸಿನ ಕಿಟಕಿಯಾಚೆ ಹಸಿರು ಗೋಡೆಯಂತೆ ಹಾದುಹೋಗುವ ಕಾಂಡ್ಲಾ ಕಾಡನ್ನು ಅವರಿಗೆ ತೋರಿಸುವವರು ವಿರಳ.

ತೋರಿಸಿದರೂ ಏನೆಂದು ತೋರಿಸುತ್ತಾರೆಂಬುದು ವಿವೇಚಿಸಬೇಕಾದ ಸಂಗತಿ. ಕಳೆದ ಕೆಲವು ವರ್ಷಗಳಲ್ಲಿ ಹೊನ್ನಾವರದ ಶರಾವತಿ ದಂಡೆಯಲ್ಲಿ, ಕಾರವಾರದ ಕಾಳಿ ದಂಡೆಯಲ್ಲಿ ಮರದ ಹಲಗೆಯ ನಡಿಗೆಪಥಗಳು ಬಂದಿವೆ. ಇದು ಸ್ವಾಗತಾರ್ಹವೇ. ಕೆಸರಿಗೆ ಹೆದರುವ ಪ್ರವಾಸಿಯೂ ಈಗ ಕಾಂಡ್ಲಾ ಗಿಡದ ನಡುವೆ ನಡೆಯಬಲ್ಲ. ಆದರೆ ಬಹುಪಾಲು ಮಕ್ಕಳು ಅಲ್ಲಿ ನಡೆದು, ಚಿತ್ರ ತೆಗೆದು, ಮರಳಿ ಬಸ್ಸು ಹತ್ತುತ್ತಾರೆ. ಕಂಡದ್ದು ಗಿಡ, ಕಾಣದೆ ಉಳಿದದ್ದು ನೀರು.

ನೀರಿನ ಮಾತನ್ನು ಎತ್ತಲೇಬೇಕಾದ ಕಾರಣವಿದೆ. ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವ್ಯರ್ಥವಾಗಿ ಕಡಲು ಸೇರುತ್ತದೆ ಎಂಬ ಮಾತನ್ನು ಬಯಲುಸೀಮೆಯ ಮಗು ಸಭೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ, ಕೆಲವೊಮ್ಮೆ ತರಗತಿಯಲ್ಲಿಯೂ ಕೇಳುತ್ತಲೇ ಬೆಳೆಯುತ್ತದೆ. ಆ ಮಗುವನ್ನು ದೂರುವಂತಿಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯೂ ಖಚಿತವಿಲ್ಲದ ನೆಲದಿಂದ ಬಂದು, 3,500 ಮಿ.ಮೀ.ಗೂ ಮಿಕ್ಕಿ ಸುರಿಯುವ ನೆಲವನ್ನು ನೋಡಿದಾಗ ಹುಟ್ಟುವ ಪ್ರಶ್ನೆ ಸಹಜವಾದದ್ದು. ಬರದ ವರ್ಷಗಳಲ್ಲಿ ಇಂಡಿಯ ಲಿಂಬೆ ಬೆಳೆಗಾರರು ಟ್ಯಾಂಕರಿನಲ್ಲಿ ನೀರು ತರಿಸಿ ಗಿಡದ ಜೀವ ಹಿಡಿದಿದ್ದಾರೆ. ಅಂಥ ಮನೆಯ ಹುಡುಗಿಯೊಬ್ಬಳು ತದಡಿಯ ದಂಡೆಯಲ್ಲಿ ನಿಂತು, ಇಷ್ಟು ನೀರು ಇಲ್ಲಿ ಸುಮ್ಮನೆ ಉಪ್ಪಾಗುತ್ತಿದೆಯಲ್ಲ ಎಂದು ಕೇಳಿದರೆ, ಮಾರ್ಗದರ್ಶಕನು ಘೋಷಣೆಯಿಂದ ಉತ್ತರಿಸಲಾಗದು. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ತಿರುವು ಪ್ರಸ್ತಾವಗಳ ಫಲಾನುಭವಿ ಪಟ್ಟಿಯಲ್ಲಿ ಅವಳ ತಾಲ್ಲೂಕಿಲ್ಲ ಎಂಬುದೂ ಪೂರ್ಣ ಉತ್ತರವಲ್ಲ. ಉತ್ತರವು ಅಳಿವೆಯ ಕೆಸರಿನಲ್ಲಿದೆ. ಅದನ್ನು ಇಳಿತದ ಹೊತ್ತಿಗೆ ಕಾಣಬೇಕು.

ಅಘನಾಶಿನಿ ಶಿರಸಿಯ ಸುತ್ತಲಿನ ಹೊಂಡಗಳಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಕಡಲು ಸೇರುತ್ತದೆ. ಈ ದಾರಿಯಲ್ಲಿ ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ್ದು 2024ರ ಜನವರಿ ಅಂತ್ಯದಲ್ಲಿ ಪ್ರಕಟವಾಯಿತು. ಸಿಹಿನೀರು ಮೇಲಿನಿಂದ, ಉಪ್ಪುನೀರು ಕೆಳಗಿನಿಂದ ದಿನಕ್ಕೆರಡು ಬಾರಿ ಸಂಧಿಸುವ ಈ ನೆಲದಲ್ಲಿ ಉಪ್ಪಿನ ಪ್ರಮಾಣವು ಮಳೆಗಾಲಕ್ಕೊಂದು, ಬೇಸಿಗೆಗೊಂದು. ಆ ಏರಿಳಿತವೇ ಅಲ್ಲಿನ ಜೀವಗಳ ಪಂಚಾಂಗ. ಕಾಂಡ್ಲಾ ಜಾತಿಯ ಮರಗಳಲ್ಲಿ ಬೀಜವು ತಾಯಿಮರದ ಮೇಲೆಯೇ ಮೊಳೆತು, ಈಟಿಯಂತೆ ಉದ್ದವಾಗಿ, ಬಳಿಕ ಕಳಚಿ ಕೆಸರಿಗೆ ನಾಟಿಕೊಳ್ಳುತ್ತದೆ. ಇಲ್ಲವೇ ತೇಲುತ್ತ ಹೊಸ ದಂಡೆ ಹುಡುಕುತ್ತದೆ. ಉಪ್ಪಟಿ ಗಿಡದ ಸುತ್ತ ಕೆಸರಿನಿಂದ ಮೇಲೆದ್ದ ಬೆರಳುಗಳಂಥ ಬೇರುಗಳು ಗಾಳಿಯನ್ನು ಉಸಿರಾಡುತ್ತವೆ. ಅದರ ಎಲೆಯನ್ನು ನಾಲಗೆಗೆ ತಾಗಿಸಿದರೆ ಗಿಡ ಹೊರಹಾಕಿದ ಉಪ್ಪಿನ ರುಚಿ. ಇಷ್ಟನ್ನು ಯಾವ ಪಠ್ಯಪುಸ್ತಕವೂ ಹೇಳಬಲ್ಲದು. ಆದರೆ ನಾಲಗೆಗೆ ತಾಗಿದ ಉಪ್ಪನ್ನು ಮಗು ಮರೆಯುವುದಿಲ್ಲ.

ಉಪ್ಪಿನ ವಿಷಯದಲ್ಲಿ ಬಯಲಿನ ಮಕ್ಕಳು ಅಜ್ಞಾನಿಗಳೂ ಅಲ್ಲ. ಬಸವನ ಬಾಗೇವಾಡಿಯ ಸೀಮೆಯಲ್ಲಿ ಹಾದು ಕೃಷ್ಣೆಯನ್ನು ಸೇರುವ ಡೋಣಿಯ ನೀರು ಸವಳು. ಕಾಲುವೆ ಬಂದ ಮೇಲೆ ಎಷ್ಟೋ ಎರೆಭೂಮಿಗಳು ಅತಿಯಾದ ನೀರಿನಿಂದ ಸವಳು-ಜವಳಾಗಿ ಬಿಳಿಚಿ ಕುಳಿತದ್ದನ್ನು ಅವರ ಹಿರಿಯರು ಕಂಡಿದ್ದಾರೆ. ಹೀಗಿರುವಾಗ ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳನ್ನು ಅವರಿಗೆ ತೋರಿಸದೆ ಕಳುಹಿಸುವುದು ದೊಡ್ಡ ಲೋಪ. ಇಲ್ಲಿನ ಕಗ್ಗ ಭತ್ತವು ಉಪ್ಪನ್ನು ಸಹಿಸುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುತ್ತದೆ, ರಾಸಾಯನಿಕ ಗೊಬ್ಬರವನ್ನು ಬೇಡುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದಾಗ ಮಾತ್ರ ಅದು ಬೆಳೆಯುತ್ತದೆ ಎಂಬುದು ಇಲ್ಲಿ ಅಡಗಿರುವ ತಿರುಳು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ನುಗ್ಗಿ, ಸಿಗಡಿ ಮೀನುಗಳನ್ನು ತರುತ್ತದೆ. ಸಾಣಿಕಟ್ಟೆಯ ಉಪ್ಪಿನ ಆಗರಗಳು ಬೇಸಿಗೆಯಲ್ಲಿ ಅದೇ ಅಳಿವೆಯ ನೀರನ್ನು ಬಿಸಿಲಿಗೆ ಹರವುತ್ತವೆ. ಒಂದೇ ನೀರು, ಮೂರು ಫಸಲು. ಹೊಳೆಯ ಮೇಲ್ಭಾಗದಲ್ಲಿ ತಿರುವು ಕಾಲುವೆ ತೆಗೆದ ದಿನ ಈ ಲೆಕ್ಕವೆಲ್ಲ ತಪ್ಪುತ್ತದೆ. ಆಗ ಉಪ್ಪು ಮೇಲಕ್ಕೆ ಏರುತ್ತದೆ, ತೊಳೆಯುವ ಸಿಹಿನೀರು ಇರುವುದಿಲ್ಲ. ಸವಳಾದ ಹೊಲವನ್ನು ಕಂಡ ಮಗುವಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಅಳಿವೆಯೆಂದರೆ ಕಾಂಡ್ಲಾ ಮಾತ್ರವೆಂಬ ಭ್ರಮೆಯನ್ನೂ ಮಾರ್ಗದರ್ಶಕರು ಬಿಡಿಸಬೇಕು. ಇಳಿತದಲ್ಲಿ ತೆರೆದುಕೊಳ್ಳುವ ಬರಿ ಕೆಸರು ಬಯಲು ನೋಟಕ್ಕೆ ಪಾಳು ನೆಲ. ವಾಸ್ತವದಲ್ಲಿ ಅದು ಬೆಳಚು, ಚಿಪ್ಪಿಕಲ್ಲುಗಳ ಹೊಲ, ವಲಸೆ ಹಕ್ಕಿಗಳ ಊಟದ ಮನೆ. ಅಲ್ಲಿ ಬಾಗಿ ಬಳಚು ಆಯುವ ಹೆಂಗಸರ ದಿನದ ಕೂಲಿ ಆ ಕೆಸರಿನದ್ದು. ಹಸಿರು ಹೊದಿಸುವ ಉತ್ಸಾಹದಲ್ಲಿ ಎಲ್ಲೆಂದರಲ್ಲಿ ಕಾಂಡ್ಲಾ ನೆಡುವುದು ಪರಿಸರಪ್ರೇಮವಲ್ಲ. ವನಮಹೋತ್ಸವದ ಮನೋಭಾವವನ್ನು ಅಳಿವೆಗೆ ತರುವವರು ಮೊದಲು ಆ ಹೆಂಗಸರನ್ನು ಕೇಳಬೇಕು.

ಪರಂಪರೆಯ ತಾಣಗಳ ವಿಷಯಕ್ಕೆ ಬರೋಣ. ಹೆದ್ದಾರಿಯಿಂದ ಕೂಗಳತೆಯಲ್ಲಿರುವ ಮಿರ್ಜಾನ್ ಕೋಟೆಯು ಜಂಬಿಟ್ಟಿಗೆಯ ಕೋಟೆ. ಮಳೆಗಾಲದಲ್ಲಿ ಹಾವಸೆ ಹತ್ತಿ ಹಸಿರಾಗಿ ನಿಲ್ಲುತ್ತದೆ. ಜನರ ನೆನಪಿನಲ್ಲಿ ಅದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. ಗ್ಯಾಸೆಟಿಯರಿನ ಹೇಳಿಕೆಯಲ್ಲಿ ವಿಜಾಪುರದ ಆದಿಲಶಾಹಿ ಸರದಾರನದು. ಈ ವಾದವನ್ನು ಮಕ್ಕಳ ಮುಂದೆ ತೀರ್ಮಾನಿಸುವ ಅಗತ್ಯವಿಲ್ಲ. ಆದರೆ ಆ ಎರಡು ಹೆಸರುಗಳ ನಡುವೆ ಇರುವ ದಾರಿಯನ್ನು ಹೇಳಬೇಕು. 1565ರ ಜನವರಿಯಲ್ಲಿ ವಿಜಯನಗರದ ಬೆನ್ನೆಲುಬು ಮುರಿದ ಯುದ್ಧ ನಡೆದದ್ದು ರಕ್ಕಸಗಿ–ತಂಗಡಗಿ ಎಂಬ ಹೆಸರಿನಿಂದ ಇತಿಹಾಸದಲ್ಲಿದೆ. ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನ, ಕೃಷ್ಣೆಯ ದಂಡೆಯ ಊರು. ಆ ದಂಡೆಯಲ್ಲಿ ಆದ ತೀರ್ಮಾನದ ಅಲೆ ಘಟ್ಟ ಇಳಿದು ಈ ರೇವುಗಳನ್ನು ತಲುಪಿತು. ಮುಂದಿನ ಶತಮಾನದಲ್ಲಿ ಮಿರ್ಜಾನ್, ಅಂಕೋಲಾ, ಕಾರವಾರಗಳು ಆದಿಲಶಾಹಿಯ ಅಂಕೆಯಲ್ಲಿದ್ದವು; 1638ರಲ್ಲಿ ಕಾರವಾರದಲ್ಲಿ ಇಂಗ್ಲಿಷರು ಕೋಠಿ ತೆರೆದದ್ದು ಮೆಣಸಿಗಾಗಿ. ಘಟ್ಟದ ಕಾಡಿನ ಮೆಣಸು ಕೆಳಗಿಳಿಯಿತು. ಕಡಲಿಂದ ಬಂದ ಕುದುರೆ ಮೇಲೇರಿತು. ಮಿರ್ಜಾನಿನಲ್ಲಿ 2000–01ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಫಿರಂಗಿಯ ಗುಂಡು, ಪೋರ್ಚುಗೀಸ್ ನಾಣ್ಯ, ಚೀನಾದ ಪಿಂಗಾಣಿಯ ಚೂರುಗಳು ದೊರೆತವು. ಗೋಳಗುಮ್ಮಟದ ನೆರಳಿನ ಜಿಲ್ಲೆಯಿಂದ ಬಂದ ಮಗುವಿಗೆ ಇದು ಪರರ ಕೋಟೆಯಲ್ಲ. ತನ್ನ ಊರಿನ ಹಳೆಯ ಬಾಗಿಲು. ಇದನ್ನು ಹೇಳದೆ, ಯಾವುದೋ ಚಲನಚಿತ್ರದ ಚಿತ್ರೀಕರಣ ನಡೆದ ಜಾಗವೆಂದು ಬೆರಳು ತೋರಿಸಿ ಮುಗಿಸುವ ಮಾರ್ಗದರ್ಶನದಿಂದ ಪ್ರಯೋಜನವಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಠಿಣವಾದದ್ದು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದು 2000ದ ದಶಕದಲ್ಲಿ ಪ್ರಸ್ತಾಪವಾಗಿ, ಮಲೆನಾಡು ಕರಾವಳಿಗಳ ಒಗ್ಗಟ್ಟಿನ ವಿರೋಧದ ಮುಂದೆ ಹಿಂದೆ ಸರಿಯಿತು. ಆ ಗೆಲುವನ್ನು ಅಳಿವೆಯ ದಂಡೆಯಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳಲಾಗುತ್ತದೆ, ಹೇಳಬೇಕಾದದ್ದೇ. ಆದರೆ ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಆಲಮಟ್ಟಿಯ ನೀರನ್ನು ಕುಡಿಯುತ್ತ ನಿಂತಿದೆ. 2014ರ ಜುಲೈನಲ್ಲಿ ಅದರ ವಿರುದ್ಧ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಎರಡೂ ಬೇರೆ ಬೇರೆ ಯೋಜನೆಗಳು. ಒಂದು ಹೋದುದರಿಂದ ಇನ್ನೊಂದು ಬಂದಿತೆಂದು ಹೇಳುವಂತಿಲ್ಲ. ಆದರೂ ಹಸಿರಿದ್ದಲ್ಲಿ ಬೂದಿ ಬೇಡ, ಬಿಸಿಲಿದ್ದಲ್ಲಿ ಅಡ್ಡಿಯಿಲ್ಲ ಎಂಬ ಅರ್ಥ ಬರುವಂತೆ ಪರಿಸರದ ಮಾತನ್ನು ಆಡುವುದು ಅನ್ಯಾಯ. ಪ್ರವಾಸಿ ಬಸ್ಸಿನಲ್ಲಿ ಕೂಡಗಿಯ ಹೊಲದ ಹುಡುಗನೂ ಇರುತ್ತಾನೆ ಎಂಬುದನ್ನು ತದಡಿಯ ಕಥೆ ಹೇಳುವವರು ನೆನಪಿನಲ್ಲಿಡಬೇಕು.

ಆ ಹುಡುಗನ ನದಿಗೂ ಒಂದು ಅಳಿವೆಯಿದೆ, ಅಲ್ಲಿಯೂ ಕಾಂಡ್ಲಾ ಕಾಡಿದೆ. ಮಹಾಬಲೇಶ್ವರದ ಕೃಷ್ಣೆ, ಭೀಮಾಶಂಕರದ ಭೀಮೆ ಇಬ್ಬರೂ ಇದೇ ಸಹ್ಯಾದ್ರಿಯ ಮಕ್ಕಳು. ಇಂಡಿ–ಸಿಂದಗಿಯ ಮಗ್ಗುಲಲ್ಲಿ ಭೀಮೆ, ಬಾಗೇವಾಡಿ–ಮುದ್ದೇಬಿಹಾಳದ ಮಗ್ಗುಲಲ್ಲಿ ಕೃಷ್ಣೆ ಹರಿದು, ಮುಂದೆ ಒಂದಾಗಿ, ಆಂಧ್ರದ ದಿವಿಸೀಮೆಯ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತಾರೆ. ಅಲ್ಲಿನ ಕೃಷ್ಣಾ ವನ್ಯಜೀವಿಧಾಮದ ಕಾಂಡ್ಲಾ ಕಾಡು ಮೀನುಗಾರ ಬೆಕ್ಕಿನ ನೆಲೆ. ಆದರೆ ಈ ನದಿಗೆ ಕಟ್ಟಿದ ಅಣೆಕಟ್ಟುಗಳಿಗೆ ಲೆಕ್ಕವಿಲ್ಲ. 2001ರಿಂದ 2004ರವರೆಗಿನ ಬರದ ವರ್ಷಗಳಲ್ಲಿ ಕೃಷ್ಣೆ ಕಡಲಿಗೆ ಮುಟ್ಟಿಸಿದ ನೀರು ನಗಣ್ಯ. ನೀರಿನೊಂದಿಗೆ ಬರಬೇಕಾದ ಹೂಳು ಜಲಾಶಯಗಳ ತಳದಲ್ಲಿ ಕುಳಿತಿದೆ. ಹೂಳಿಲ್ಲದ ನದೀಮುಖವನ್ನು ಕಡಲು ಕೊರೆಯುತ್ತಿದೆ. ಅಲ್ಲಿನ ರೈತರ ಬಾವಿಗಳಿಗೆ ಉಪ್ಪು ಏರಿದೆ. ಕಡಲು ಸೇರುವ ನೀರು ವ್ಯರ್ಥ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಮತ್ತು ಆ ಸಾಕ್ಷ್ಯ ದೊರೆಯುವುದು ಬಯಲಿನವರ ಸ್ವಂತ ನದಿಯಲ್ಲಿ.

ಹಾಗೆಂದು ಇಂಡಿಯ ಬಾಯಾರಿಕೆ ಸುಳ್ಳಾಗದು. ಅದಕ್ಕೆ ಉತ್ತರವನ್ನು ಹುಡುಕಬೇಕಾದದ್ದು ಆಲಮಟ್ಟಿಯ ನೀರಿನ ಹಂಚಿಕೆಯಲ್ಲಿ, ಕಾಲುವೆಯ ತುದಿಗೆ ನೀರು ಮುಟ್ಟದಿರುವುದರಲ್ಲಿ, ಕಬ್ಬು ಎಷ್ಟು, ಬಿಳಿಜೋಳ ಎಷ್ಟು ಎಂಬ ಪ್ರಶ್ನೆಯಲ್ಲಿ. ವಿಜಾಪುರದ ಸುರಂಗ ಬಾವಡಿ, 1651ರ ಬೇಗಂ ತಲಾಬ್, ತಾಜ್ ಬಾವಡಿಗಳು ಒಣನೆಲದಲ್ಲಿ ಒಂದು ಮಹಾನಗರ ಹೇಗೆ ನೀರು ಕುಡಿಯಿತೆಂಬುದನ್ನು ಹೇಳುತ್ತವೆ. ಮಲೆನಾಡಿನ ಚಳವಳಿಗಾರರು ಈ ಚರ್ಚೆಯಲ್ಲಿ ಕಿವಿಗೊಡಬೇಕಾದದ್ದೇ ಹೆಚ್ಚು.

ಪ್ರವಾಸದ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ಸಂಗತಿಗಳನ್ನು ಶಾಲೆಗಳೂ ಸ್ಥಳೀಯ ಮಾರ್ಗದರ್ಶಕರೂ ಮುಂಚಿತವಾಗಿ ನಿಶ್ಚಯಿಸಿಕೊಳ್ಳಬೇಕು. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ; ಆದ್ದರಿಂದ ದಿನವನ್ನು ಗೊತ್ತುಪಡಿಸಿದ ಮೇಲೆ ಉಬ್ಬರವಿಳಿತದ ಪಟ್ಟಿ ನೋಡುವ ಬದಲು, ಪಟ್ಟಿ ನೋಡಿಯೇ ದಿನ ಗೊತ್ತುಪಡಿಸುವುದು ಯುಕ್ತ. ಐದಾರು ತಾಣಗಳಿಗೆ ಬದಲು ಮಿರ್ಜಾನ್, ಒಂದು ಗಜನಿ, ಅಳಿವೆ, ಸಾಣಿಕಟ್ಟೆ ಸಾಕು. ರಾತ್ರಿಯ ಪ್ರಯಾಣದಲ್ಲಿ ನಿದ್ದೆಗೆಟ್ಟ ಮಕ್ಕಳಿಗೆ ಅಷ್ಟೇ ಹೆಚ್ಚು. ಕಡಲಿನ ನೀರಿಗಿಳಿಯುವ ವಿಷಯದಲ್ಲಿ ಯಾವ ಸಡಿಲಿಕೆಯೂ ಸಲ್ಲದು: 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಅಲೆಗಳ ಪಾಲಾದರು. ಈಜು ಬಲ್ಲವರಿಗೂ ಅಪರಿಚಿತವಾದದ್ದು ಕಡಲಿನ ಒಳಸೆಳೆತ. ಬಾವಿಯಲ್ಲಿ, ಕಾಲುವೆಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ಅಪಾಯಕಾರಿ. ದೋಣಿಯಲ್ಲಿ ಕೂರುವ ಪ್ರತಿ ಮಗುವಿಗೂ ಜೀವರಕ್ಷಕ ಕವಚ ದೊರೆಯದಿದ್ದರೆ ದೋಣಿ ಹತ್ತಿಸಕೂಡದು. ಅಂಕೋಲಾ ಬಳಿಯ ಶಿರೂರನ್ನು ದಾಟುವಾಗ, 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ರಸ್ತೆಯನ್ನೂ ಜನರನ್ನೂ ಗಂಗಾವಳಿಗೆ ನೂಕಿದ ಜಾಗವನ್ನು ಬಸ್ಸು ನಿಲ್ಲಿಸದೆಯೇ ತೋರಿಸಬಹುದು. ಅಲ್ಲಿ ಹೆಚ್ಚು ವಿವರಣೆ ಬೇಡ.

ಈ ಸಂಚಾರ ಒಮ್ಮುಖವಾಗಿರುವುದು ಏಕೆಂಬ ಪ್ರಶ್ನೆಯನ್ನು ಮಲೆನಾಡಿನ ಶಾಲೆಗಳು ಕೇಳಿಕೊಳ್ಳಬೇಕಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳು ಮೈಸೂರು ಕಂಡಿದ್ದಾರೆ, ತಂಗಡಗಿಯ ಕೃಷ್ಣೆಯನ್ನು ಕಂಡಿಲ್ಲ. ಆಲಮಟ್ಟಿಯ ಜಲಾಶಯ ಈಗಿನ 519.60 ಮೀಟರಿನಿಂದ 524.256 ಮೀಟರಿಗೆ ಏರಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿದ್ದು, ಏರಿದಾಗ ಮುಳುಗುವ ಊರುಗಳ ಜನ ಯಾವ ಭಾಷೆಯಲ್ಲಿ ಮುಳುಗಡೆಯ ಮಾತಾಡುತ್ತಾರೆಂಬುದು ಶರಾವತಿ, ಕಾಳಿಯ ಮುಳುಗಡೆಯ ಮೊಮ್ಮಕ್ಕಳಿಗೆ ತಕ್ಷಣ ತಿಳಿಯುವಂಥದು. ಬಾಗೇವಾಡಿಯಲ್ಲಿ ಬಸವಣ್ಣನವರ ಜನ್ಮಸ್ಥಳ, ಹಿನ್ನೀರಿನ ದಂಡೆಯ ಹಕ್ಕಿಗಳು, ಕೂಡಗಿಯ ಚಿಮಣಿ, ಮಧ್ಯಾಹ್ನಕ್ಕೆ ಯಾರದಾದರೂ ಹೊಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ: ಅದಕ್ಕೂ ಒಂದು ಹಗಲು ಸಾಕು. ಮಾರ್ಗದರ್ಶನ ಮಾಡಲು ಈ ಚಳಿಗಾಲದಲ್ಲಿ ಘಟ್ಟ ಇಳಿದು ಬಂದ ಮಕ್ಕಳೇ ಅಲ್ಲಿದ್ದಾರೆ.