ಬೆರಳು ಹೊಲಿದಾಯ್ತು, ಮಡಚೋದು ಯಾವಾಗ?

ದೊಡ್ಡಬಳ್ಳಾಪುರ: ಮಗ್ಗದ ಬೆಲ್ಟಿಗೋ ಗೇರಿಗೋ ಬೆರಳು ಸಿಕ್ಕಿತು ಅನ್ನೋದು ನಮ್ಮೂರಲ್ಲಿ ಹೊಸ ಸುದ್ದಿಯಲ್ಲ. ಹಸು ಕಟ್ಟಿದ ಮನೆಗಳಲ್ಲಿ ಮೇವು ಕತ್ತರಿಸೋ ಯಂತ್ರ, ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಪಿಳ್ಳಗುಂಪೆ ಕಡೆ ಕಾರ್ಖಾನೆ ಮೆಷಿನ್ನು. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಭುಜದ ಕೀಲು ತಪ್ಪಿಸಿಕೊಂಡವರದ್ದು ಇನ್ನೊಂದು ಸಾಲು. 'ಆಪರೇಷನ್ ಚೆನ್ನಾಗಿ ಆಯ್ತಂತೆ' ಅಂತ ಕೇಳ್ತೀವಿ. ಆರು ತಿಂಗಳು ಬಿಟ್ಟು ನೋಡಿದರೆ ಬೆರಳು ಇದೆ, ಮುಷ್ಟಿ ಕಟ್ಟೋಕೆ ಬರಲ್ಲ.

ಯಾಕೆ ಹೀಗೆ? ಬೆರಳು ಮಡಚುವ ಟೆಂಡನ್ ಅನ್ನೋದು ಒಂದು ಹುರಿ. ಇಕ್ಕಟ್ಟಾದ ಕೊಳವೆಯೊಳಗೆ ಅದು ಜಾರುತ್ತಿರಬೇಕು. ಹೊಲಿದ ಜಾಗ ಸುತ್ತಲಿನ ಮಾಂಸಕ್ಕೆ ಅಂಟಿದರೆ ಜಾರೋದು ನಿಂತಿತು. ಆ ಭಾಗವನ್ನು ಶಸ್ತ್ರವೈದ್ಯರೇ ಒಂದು ಕಾಲಕ್ಕೆ 'ಯಾರಿಗೂ ಸೇರದ ನೆಲ' ಅಂತ ಕರೆದು, ಕೈ ಹಾಕಲು ಹಿಂಜರಿಯುತ್ತಿದ್ದರು. ಅಂಟದಂತೆ ನೋಡಿಕೊಳ್ಳಲು ಆಪರೇಷನ್ ಆದ ಕೆಲವೇ ದಿನಗಳಲ್ಲಿ ಸ್ಪ್ಲಿಂಟ್ ಹಾಕಿಕೊಂಡೇ ಅಳತೆಯ ವ್ಯಾಯಾಮ ಶುರುವಾಗಬೇಕು. ಜೋರು ಮಾಡಿದರೆ ಹೊಲಿಗೆ ಕಿತ್ತುಬರುತ್ತೆ. ಭಾರದ ಕೆಲಸಕ್ಕೆ ಸುಮಾರು 12 ವಾರ ಕಾಯಬೇಕು.

ಭುಜದ್ದು ಇನ್ನೂ ನಿಧಾನ. ಹರಿದ ಟೆಂಡನ್ ಹೊಲಿದರೆ 4ರಿಂದ 6 ವಾರ ಕೈ ಜೋಲಿಯಲ್ಲೇ ಇರಬೇಕು, ಮೂಟೆ ಎತ್ತೋಕೆ ನಾಲ್ಕಾರು ತಿಂಗಳು. ಕೀಲು ತಪ್ಪಿದ ಭುಜಕ್ಕೆ ಎಕ್ಸ್‌ರೇ ಇಲ್ಲದೆ ಕಟ್ಟು ಹಾಕಿಸಿ ಕೂತವರಿಗೆ, ಮೂರು ವಾರ ದಾಟಿದ ಮೇಲೆ ಕೈಯಿಂದಲೇ ಕೂರಿಸೋದು ಕಷ್ಟ, ಕುಯ್ಯಲೇಬೇಕಾಗಬಹುದು.

ಈಗ ಲೆಕ್ಕಕ್ಕೆ ಬನ್ನಿ. ಆಯುಷ್ಮಾನ್ ಕಾರ್ಡು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದ ದಿನಗಳಿಗೆ. ಕೇಂದ್ರದ ಯೋಜನೆಯಲ್ಲಿ ಡಿಸ್ಚಾರ್ಜ್ ಆದ ಮೇಲಿನ ಖರ್ಚಿಗೆ 15 ದಿನದ ಮಿತಿ. ಬೆರಳಿಗೆ ಬೇಕಾಗಿರೋದು 12 ವಾರ. ಇಎಸ್‌ಐ ಇದ್ದವರಿಗೆ ಕೆಲಸದಲ್ಲಿ ಗಾಯವಾದರೆ ಕೂಲಿಯ ಸುಮಾರು 90% ಸಿಗುತ್ತೆ. ಆದರೆ ಅದಕ್ಕೆ 10 ಜನ ಕೆಲಸಗಾರರಿರುವ ಘಟಕ ಬೇಕು, ಸಂಬಳ 21,000 ರೂಪಾಯಿ ದಾಟಿರಬಾರದು. ಮನೆಯಲ್ಲೇ ನಾಲ್ಕು ಮಗ್ಗ ಹಾಕಿಕೊಂಡವರ ಹತ್ತಿರ ಕೆಲಸ ಮಾಡೋನಿಗೆ ಇದು ಅನ್ವಯಿಸಲ್ಲ. ಅವನು ಎರಡನೇ ವಾರಕ್ಕೇ ಸ್ಪ್ಲಿಂಟ್ ಬಿಚ್ಚಿ ಮಗ್ಗಕ್ಕೆ ಹೋಗ್ತಾನೆ. ಆಮೇಲೆ 'ರೋಗಿ ಹೇಳಿದ್ದು ಕೇಳಲಿಲ್ಲ' ಅನ್ನೋ ಮಾತು ಬೇರೆ!

ಪರಿಹಾರದ ಪಟ್ಟಿಯೂ ವಿಚಿತ್ರ. ಕಾಯ್ದೆಯ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯ 14% ನಷ್ಟ, ಹೆಬ್ಬೆರಳಿಗೆ 30%. ಹೋದ ಬೆರಳಿಗೆ ನಂಬರ್ ಇದೆ. ಮಡಚದೆ ಸೆಟೆದು ನಿಂತ ಬೆರಳಿಗೆ ಅಂಥ ಸಿದ್ಧ ನಂಬರ್ ಇಲ್ಲ, ವೈದ್ಯರು ಪರೀಕ್ಷಿಸಿ ನಷ್ಟ ಎಷ್ಟು ಅಂತ ಬರೆದುಕೊಡಬೇಕು. ಆ ಕಾಗದ ಮಾಡಿಸಿಕೊಳ್ಳದೆ ಸುಮ್ಮನಾದರೆ ಕೈಗೆ ಬರಬೇಕಾದ್ದು ಬರಲ್ಲ.

ಬೆರಳು ತುಂಡಾದರೆ ಒಂದು ನೆನಪಿಡಿ: ತುಂಡನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸ್ ಮೇಲಿಡಿ. ಐಸ್ ನೇರ ತಾಗಬಾರದು. ಬೇಗ ಹೊರಡಿ.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಂದು ಸಲ ಹೋಗಿ ಆಪರೇಷನ್ ಮಾಡಿಸೋದು ಸಾಲ ಮಾಡಿಯಾದರೂ ಆಗುತ್ತೆ. ವ್ಯಾಯಾಮಕ್ಕೆ ವಾರವಾರ ಹೋಗಿಬಂದರೆ ಒಂದೊಂದು ದಿನದ ಕೂಲಿ ಖೋತಾ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸಾದರೂ ಫ್ರೀ, ಗಂಡಸರಿಗೆ ಅದೂ ಇಲ್ಲ. ಕೈ ಚಿಕಿತ್ಸೆಗೆಂದೇ ತರಬೇತಾದ ಫಿಸಿಯೋಥೆರಪಿಸ್ಟ್ ನಮ್ಮ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆರಡು ದಿನ ಕೂರುವಂತೆ ಮಾಡೋಕೆ ಹೊಸ ಕಟ್ಟಡವೇನೂ ಬೇಕಿಲ್ಲ. ಒಂದು ಟೇಬಲ್, ಎರಡು ಕುರ್ಚಿ ಸಾಕು.