ದೇಹವೆಂಬ ಅಮಾನತ್ತು ಮತ್ತು ತಟ್ಟೆಯ ಲೆಕ್ಕಾಚಾರ

ನಮ್ಮ ಮಸೀದಿಗಳ ಸಫ್‌ಗಳ ಅಂಚಿನಲ್ಲಿ ಇಂದು ಕುರ್ಚಿಗಳು ಕಾಣಸಿಗುತ್ತವೆ. ವಯೋವೃದ್ಧರಿಗೂ ರೋಗಿಗಳಿಗೂ ಕುಳಿತು ನಮಾಝ್ ನಿರ್ವಹಿಸಲು ಇಸ್ಲಾಮ್ ರಿಯಾಯಿತಿ ನೀಡಿದೆ. ಅದು ಅಲ್ಲಾಹನ ಕಾರುಣ್ಯ. ಅದರ ಬಗ್ಗೆ ಯಾರೂ ತುಟಿ ಬಿಚ್ಚಬೇಕಾಗಿಲ್ಲ. ಆದರೆ ನಲವತ್ತರ ಆಸುಪಾಸಿನ ವ್ಯಕ್ತಿಯೊಬ್ಬ ದೇಹದ ಭಾರವನ್ನು ಮೊಣಕಾಲು ಹೊರಲಾರದೆ ಹಣೆಯನ್ನು ನೆಲಕ್ಕಿಡುವ ಭಾಗ್ಯದಿಂದ ವಂಚಿತನಾಗುತ್ತಿದ್ದರೆ, ನಾವು ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಹರಾಮ್ ಆಹಾರ ನಮ್ಮ ಮನೆಯೊಳಗೆ ಬರದಂತೆ ಜಾಗ್ರತೆ ವಹಿಸುವ ನಾವು, ಹಲಾಲ್ ಆಹಾರದ ಪ್ರಮಾಣದ ಬಗ್ಗೆ ಅಷ್ಟೇ ಜಾಗ್ರತೆ ವಹಿಸುತ್ತಿದ್ದೇವೆಯೇ?

ಪವಿತ್ರ ಕುರ್‌ಆನ್ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್, ಅಂದರೆ ಶುದ್ಧವೂ ಹಿತಕರವೂ ಆದುದು ಎಂಬ ಪದವನ್ನು ಬಳಸುತ್ತದೆ (ಅಲ್ ಬಕರ: 168). ತಿನ್ನಲು, ಕುಡಿಯಲು ಅನುಮತಿ ನೀಡಿದ ವಚನದಲ್ಲಿಯೇ ಮಿತಿ ಮೀರಬಾರದೆಂಬ ಎಚ್ಚರಿಕೆಯೂ ಇದೆ (ಅಲ್ ಅಅ್‌ರಾಫ್: 31). ಮಿಕ್ದಾಮ್ ಬಿನ್ ಮಅ್‌ದೀಕರಿಬ್(ರ)ರಿಂದ ತಿರ್ಮಿದಿಯಲ್ಲಿ ವರದಿಯಾಗಿರುವ ಹದೀಸ್ ನಮಗೆಲ್ಲರಿಗೂ ಗೊತ್ತು. ಬೆನ್ನು ನೆಟ್ಟಗಿರಲು ಕೆಲವು ತುತ್ತುಗಳು ಸಾಕು. ಅದಕ್ಕಿಂತ ಹೆಚ್ಚು ಬೇಕೆಂದಾದರೆ ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ಪಾನೀಯಕ್ಕೆ, ಒಂದು ಭಾಗ ಉಸಿರಿಗೆ ಎಂಬುದು ಅದರ ಸಾರ. ಆಹಾರ ಯೋಜನೆಯ ತಳಹದಿ ನಮ್ಮಲ್ಲಿ ಆಗಲೇ ಇದೆ. ನಾವು ಅದನ್ನು ಪ್ರವಚನದಲ್ಲಿ ಕೇಳಿ, ದಸ್ತರ್‌ಖಾನ್‌ನ ಮುಂದೆ ಮರೆತುಬಿಡುತ್ತೇವೆ, ಅಷ್ಟೆ.

ಹಾಗಾದರೆ ದೇಹ ತೂಕ ಇಳಿಸಲು ಬಯಸುವವನು ಎಲ್ಲಿಂದ ಆರಂಭಿಸಬೇಕು? ಮೊದಲು ತನ್ನ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಸಿಗುವ ಸಂಖ್ಯೆ ಭಾರತೀಯರಲ್ಲಿ 23ನ್ನು ದಾಟಿದರೆ ಅಧಿಕ ತೂಕವೆಂದೂ 25ನ್ನು ದಾಟಿದರೆ ಬೊಜ್ಜೆಂದೂ ನಮ್ಮ ವೈದ್ಯರು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಅದೂ ಅಪಾಯದ ಸೂಚನೆಯೇ. ಹೊಟ್ಟೆಯ ಭಾಗದಲ್ಲಿ ಶೇಖರವಾಗುವ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿ ಮಾಡಿಕೊಡುತ್ತದೆ.

ಎರಡನೆಯದು ಲೆಕ್ಕ. ಆಹಾರದಿಂದ ನಮಗೆ ಶಕ್ತಿ ದೊರೆಯುವುದು ಮುಖ್ಯವಾಗಿ ಮೂರು ಪೋಷಕಾಂಶಗಳಿಂದ. ಒಂದು ಗ್ರಾಂ ಕಾರ್ಬೋಹೈಡ್ರೇಟ್ 4 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನ್ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ನೀಡುತ್ತದೆ. ಹೀಗಾಗಿ ತುಪ್ಪದನ್ನದಲ್ಲಿ ಅನ್ನಕ್ಕಿಂತ ತುಪ್ಪವೇ ಹೆಚ್ಚು ಬಾರಿ ನಮ್ಮನ್ನು ಮೋಸಗೊಳಿಸುತ್ತದೆ. ಒಂದು ದೊಡ್ಡ ಚಮಚ ತುಪ್ಪ ಅಥವಾ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿಗಳಿವೆ. ಅದು ತಟ್ಟೆಯಲ್ಲಿ ಕಾಣುವುದೂ ಇಲ್ಲ, ಹೊಟ್ಟೆ ತುಂಬಿಸುವುದೂ ಇಲ್ಲ.

ಒಂದು ಉದಾಹರಣೆ ನೋಡೋಣ. 38 ವರ್ಷದ, 165 ಸೆಂಟಿಮೀಟರ್ ಎತ್ತರದ, 90 ಕಿಲೋ ತೂಕದ ವ್ಯಾಪಾರಿಯೊಬ್ಬನಿದ್ದಾನೆಂದಿಟ್ಟುಕೊಳ್ಳಿ. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ಇವನ ದೇಹ ದಿನವೊಂದಕ್ಕೆ ಖರ್ಚು ಮಾಡುವುದು ಅಂದಾಜು 2100 ಕ್ಯಾಲೊರಿ. ಇದರಲ್ಲಿ 500 ಕ್ಯಾಲೊರಿ ಕಡಿತಗೊಳಿಸಿದರೆ ಉಳಿಯುವುದು 1600. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿರುವುದರಿಂದ, ಈ ಕಡಿತದಿಂದ ವಾರಕ್ಕೆ ಅರ್ಧ ಕಿಲೋದ ಆಸುಪಾಸು ತೂಕ ಇಳಿಯುತ್ತದೆ. ಆ 1600ನ್ನು ಹೀಗೆ ಹಂಚಬಹುದು: ಪ್ರೋಟೀನ್ 90 ಗ್ರಾಂ, ಕೊಬ್ಬು 50 ಗ್ರಾಂ, ಉಳಿದದ್ದು ಕಾರ್ಬೋಹೈಡ್ರೇಟ್, ಅಂದರೆ 200 ಗ್ರಾಂ ಮೀರದಷ್ಟು. ಪ್ರೋಟೀನಿಗೆ ಮೊದಲ ಸ್ಥಾನ ನೀಡಲು ಕಾರಣವಿದೆ. ಅದು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ತೂಕ ಇಳಿಯುವಾಗ ಸ್ನಾಯುಗಳು ಕರಗದಂತೆ ಕಾಯುತ್ತದೆ.

ಇದಕ್ಕಾಗಿ ವಿದೇಶಿ ಡಬ್ಬಿಗಳನ್ನು ಖರೀದಿಸಬೇಕಾಗಿಲ್ಲ. ಬೆಳಗ್ಗೆ ಎರಡು ಬೇಯಿಸಿದ ಮೊಟ್ಟೆ, ಎಣ್ಣೆಯಿಲ್ಲದ ಎರಡು ಚಪಾತಿ, ಸೌತೆಕಾಯಿ. ಮಧ್ಯಾಹ್ನ ಒಂದು ಕಪ್ ಅನ್ನ, ಹುರಿಯದೆ ಸಾರು ಮಾಡಿದ ಎರಡು ಮಧ್ಯಮ ಗಾತ್ರದ ಬಂಗುಡೆ, ಅರ್ಧ ತಟ್ಟೆ ತರಕಾರಿ ಪಲ್ಯ. ಸಂಜೆ ಸಕ್ಕರೆಯಿಲ್ಲದ ಚಹಾ, ಒಂದು ಹಿಡಿ ಹುರಿಗಡಲೆ. ರಾತ್ರಿ ಚರ್ಮ ತೆಗೆದ 100 ಗ್ರಾಂ ಕೋಳಿ ಮಾಂಸ, ಒಂದು ಚಪಾತಿ, ಪಲ್ಯ, ಸಣ್ಣ ಬಟ್ಟಲು ಮೊಸರು. ಇಡೀ ದಿನದ ಅವನ ಪಾಲಿನ ಅಡುಗೆಗೆ ಮೂರು ಸಣ್ಣ ಚಮಚ ಎಣ್ಣೆ. ಇಷ್ಟರಲ್ಲಿ ಮೇಲಿನ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ. ಬಂಗುಡೆ ದುಬಾರಿಯಾದ ದಿನ ಬೂತಾಯಿ ಇದೆ. ಮೀನಿಲ್ಲದ ಊರಿನಲ್ಲಿ ಬೇಳೆ, ಹೆಸರುಕಾಳು, ಕಡಲೆ ಇವೆ.

ಇಲ್ಲಿ ಒಂದು ಆಕ್ಷೇಪ ಕೇಳಿಬರುವುದುಂಟು. "ಅನ್ನವನ್ನು ತೂಗಿ ತಿನ್ನುವುದು ಲೌಕಿಕ ವ್ಯಾಮೋಹವಲ್ಲವೇ? ನಮ್ಮ ಹಿರಿಯರು ಯಾವ ಲೆಕ್ಕ ಹಾಕಿದ್ದರು?" ಹಿರಿಯರು ಲೆಕ್ಕ ಹಾಕಲಿಲ್ಲ, ನಿಜ. ಆದರೆ ಅವರು ಗದ್ದೆಯಲ್ಲಿ ದುಡಿದರು, ಹೊರೆ ಹೊತ್ತರು, ಮೈಲುಗಟ್ಟಲೆ ನಡೆದರು. ಮಾಂಸ ಅವರಿಗೆ ಹಬ್ಬದೂಟವಾಗಿತ್ತು. ನಾವು ಅವರ ಹಬ್ಬದೂಟವನ್ನು ನಿತ್ಯದೂಟವಾಗಿಸಿಕೊಂಡು, ಅವರ ದುಡಿಮೆಯನ್ನು ಮಾತ್ರ ಬಿಟ್ಟುಬಿಟ್ಟೆವು. ತಕ್ಕಡಿಯ ಒಂದು ಬದಿ ಹಗುರವಾದಾಗ ಇನ್ನೊಂದು ಬದಿಯನ್ನೂ ಸರಿಪಡಿಸಬೇಕಾಗುತ್ತದೆ. ಅಲ್ಲದೆ ಝಕಾತ್‌ನ ಲೆಕ್ಕವನ್ನು ಪೈಸೆ ಪೈಸೆಗೂ ಹಾಕುವ ಸಮುದಾಯಕ್ಕೆ, ಅಲ್ಲಾಹನು ವಹಿಸಿಕೊಟ್ಟ ಇನ್ನೊಂದು ಅಮಾನತ್ತಾದ ದೇಹದ ಲೆಕ್ಕ ಅಪರಿಚಿತವೆನಿಸಬಾರದು. ಈ ತೂಗುವಿಕೆ ಜೀವಮಾನವಿಡೀ ಇರಬೇಕೆಂದೂ ಇಲ್ಲ. ನಾಲ್ಕಾರು ವಾರ ಅಳೆದು ತಿಂದರೆ ಕಣ್ಣಿಗೆ ಅಳತೆ ಅಭ್ಯಾಸವಾಗುತ್ತದೆ. ಆಮೇಲೆ ತಟ್ಟೆಯ ಅರ್ಧಭಾಗ ತರಕಾರಿ, ಕಾಲುಭಾಗ ಮೀನು, ಮಾಂಸ ಅಥವಾ ಬೇಳೆ, ಕಾಲುಭಾಗ ಅನ್ನ ಎಂಬ ನೋಟವೇ ಸಾಕು.

ಇನ್ನೊಂದು ವಿಚಾರ ನಮ್ಮ ಮನೆಯ ಹೆಂಗಸರಿಗೆ ಸಂಬಂಧಿಸಿದ್ದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿ, ಮಕ್ಕಳ ತಟ್ಟೆಯಲ್ಲಿ ಉಳಿದುದನ್ನೂ ಪಾತ್ರೆಯ ತಳದಲ್ಲಿ ಮಿಕ್ಕಿದುದನ್ನೂ "ಇಸ್ರಾಫ್ ಆಗಬಾರದಲ್ಲ" ಎಂದು ತಾನೇ ತಿಂದು ಮುಗಿಸುತ್ತಾಳೆ. ಆಕೆಯ ಉದ್ದೇಶ ಉದಾತ್ತವಾದುದು. ಆದರೆ ಹಸಿವಿಲ್ಲದ ಹೊಟ್ಟೆಗೆ ತುರುಕಿದ ಅನ್ನ ಉಳಿತಾಯವಾಗುವುದು ಹೇಗೆ? ಇಸ್ರಾಫನ್ನು ತಡೆಯಬೇಕಾದುದು ಅಕ್ಕಿ ಅಳೆಯುವಾಗ, ಉಂಡು ಮುಗಿದ ಮೇಲಲ್ಲ. ಕಡಿಮೆ ಬೇಯಿಸುವುದು, ಮಿಕ್ಕಿದ್ದನ್ನು ಮುಟ್ಟುವ ಮೊದಲೇ ನೆರೆಮನೆಗೆ ಕಳುಹಿಸುವುದು, ಮಕ್ಕಳಿಗೆ ಬೇಕಾದಷ್ಟೇ ಬಡಿಸಿಕೊಳ್ಳುವ ಶಿಸ್ತನ್ನು ಕಲಿಸುವುದು ಇವೇ ನಿಜವಾದ ಮಿತವ್ಯಯ. ಗಂಡಸರೂ ಅಷ್ಟೇ: ಮನೆಯವರು ಎಣ್ಣೆ ಕಡಿಮೆ ಮಾಡಿದ ದಿನ ರುಚಿಯ ಬಗ್ಗೆ ಗೊಣಗದಿರುವುದೂ ಒಂದು ಸಹಕಾರವೇ. ಪ್ರವಾದಿ(ಸ)ರು ಎಂದೂ ಆಹಾರವನ್ನು ಹೀಗಳೆದವರಲ್ಲ ಎಂಬುದನ್ನು ನಾವು ನೆನಪಿಡಬೇಕು.

ಅತಿಥಿ ಸತ್ಕಾರವೂ ಮರುಚಿಂತನೆಗೆ ಅರ್ಹವಾಗಿದೆ. "ಇನ್ನೊಂದು ತುಂಡು ಹಾಕಿಸಿಕೊಳ್ಳದಿದ್ದರೆ ನನಗೆ ಬೇಸರವಾಗುತ್ತದೆ" ಎಂದು ಒತ್ತಾಯಿಸುವುದು ನಮ್ಮಲ್ಲಿ ಪ್ರೀತಿಯ ಭಾಷೆ. ಆದರೆ ಸಕ್ಕರೆ ಕಾಯಿಲೆಯಿರುವ ಅತಿಥಿಗೆ ಅದು ಪರೀಕ್ಷೆ. ಅವರು ಸಾಕೆಂದಾಗ ಗೌರವದಿಂದ ಬಿಟ್ಟುಬಿಡುವುದೂ ಸತ್ಕಾರವೇ ಆಗಿದೆ.

ರಮಝಾನ್ ತಿಂಗಳ ಸ್ಥಿತಿಯಂತೂ ವಿಪರ್ಯಾಸ. ಹಗಲೆಲ್ಲಾ ಹಸಿವನ್ನು ಸಹಿಸಿದವರು ಇಫ್ತಾರ್‌ನ ಅರ್ಧ ತಾಸಿನಲ್ಲಿ ಸಮೋಸ, ಕಟ್ಲೆಟ್, ಶರಬತ್ತುಗಳಿಂದ ಹಗಲಿನ ಕೊರತೆಯನ್ನೆಲ್ಲಾ ತುಂಬಿಸಿ, ತಿಂಗಳ ಕೊನೆಗೆ ತೂಕ ಹೆಚ್ಚಿಸಿಕೊಂಡಿರುತ್ತಾರೆ. ಖರ್ಜೂರ, ನೀರು, ನಮಾಝ್, ಆಮೇಲೆ ಸಾಧಾರಣ ಊಟ ಎಂಬ ಕ್ರಮಕ್ಕೆ ಮರಳಿದರೆ ತರಾವೀಹ್‌ನಲ್ಲಿ ನಿಲ್ಲಲೂ ಸುಲಭ. ಸೋಮವಾರ, ಗುರುವಾರಗಳ ಐಚ್ಛಿಕ ಉಪವಾಸವೂ ಹೊಟ್ಟೆಗೆ ಶಿಸ್ತು ಕಲಿಸುತ್ತದೆ. ಆದರೆ ಉಪವಾಸ ಇಬಾದತ್ತೇ ಹೊರತು ಡಯಟ್ ಅಲ್ಲ. ನಿಯ್ಯತ್ತು ಅಲ್ಲಾಹನ ಸಂಪ್ರೀತಿಗಾಗಿಯೇ ಇರಬೇಕು. ದೇಹಕ್ಕಾಗುವ ಲಾಭ ಅವನ ಹೆಚ್ಚುವರಿ ಅನುಗ್ರಹ.

ಮಿತಿ ಮೀರುವುದು ತಿನ್ನುವುದರಲ್ಲಿ ಮಾತ್ರವಲ್ಲ, ಬಿಡುವುದರಲ್ಲೂ ಇದೆ. ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಹುಮ್ಮಸ್ಸಿನಲ್ಲಿ ಬರೀ ನಿಂಬೆನೀರು ಕುಡಿದು ತಲೆಸುತ್ತು ಬಂದು ಬೀಳುವವರಿದ್ದಾರೆ. ಸದಾ ಉಪವಾಸವಿದ್ದು ಇರುಳಿಡೀ ನಮಾಝ್‌ನಲ್ಲಿ ನಿಲ್ಲುತ್ತಿದ್ದ ಅಬೂ ದರ್ದಾ(ರ)ರಿಗೆ ಸಲ್ಮಾನ್ ಫಾರಿಸೀ(ರ) ಬುದ್ಧಿ ಹೇಳಿದ್ದನ್ನೂ ಪ್ರವಾದಿ(ಸ)ರು ಅದನ್ನು ಸಮರ್ಥಿಸಿದ್ದನ್ನೂ ಬುಖಾರಿಯ ವರದಿಯಲ್ಲಿ ಕಾಣುತ್ತೇವೆ. ಆರಾಧನೆಯಲ್ಲೇ ದೇಹದ ಹಕ್ಕನ್ನು ಮೀರಬಾರದೆಂದಾದರೆ, ತೂಕದ ಹೆಸರಿನಲ್ಲಿ ಮೀರಬಹುದೇ? ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ಸೇವಿಸುವವರು, ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಆಹಾರ ಕಡಿತಗೊಳಿಸಬಾರದು. ಆರಂಭದ ಗುರಿ ದೊಡ್ಡದಿರಬೇಕಾಗಿಲ್ಲ. ಈಗಿನ ತೂಕದ ನೂರಕ್ಕೆ ಐದು ಭಾಗ ಇಳಿದರೂ ರಕ್ತದೊತ್ತಡ, ಸಕ್ಕರೆಯ ಮಟ್ಟದಲ್ಲಿ ಸುಧಾರಣೆ ಕಾಣುತ್ತದೆ. ಮೇಲೆ ಹೇಳಿದ ವ್ಯಾಪಾರಿಗೆ ಅದು ಕೇವಲ ನಾಲ್ಕೂವರೆ ಕಿಲೋ. ವಾರಕ್ಕೊಮ್ಮೆ ಫಜ್ರ್‌ನ ಬಳಿಕ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿದರೆ ಸಾಕು. ಉಪ್ಪು, ನೀರಿನ ಕಾರಣದಿಂದ ಒಂದೆರಡು ದಿನ ಮುಳ್ಳು ಮೇಲೇರಿದರೆ ನಿರಾಶರಾಗಬೇಕಾಗಿಲ್ಲ. ವಾರಕ್ಕೆ 150 ನಿಮಿಷಗಳ ಚುರುಕಾದ ನಡಿಗೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಬೈಕು ಬಿಟ್ಟು ಮಸೀದಿಗೆ ನಡೆದು ಹೋಗುವವನಿಗೆ ಅದರ ಒಂದು ಪಾಲು ದಾರಿಯಲ್ಲೇ ಸಿಗುತ್ತದೆ.

ಕೊನೆಯದಾಗಿ, ದಪ್ಪಗಿರುವವರನ್ನು ಗೇಲಿ ಮಾಡುವ ಚಟವನ್ನು ನಾವು ಬಿಡಬೇಕು. ಪರಸ್ಪರ ಪರಿಹಾಸ್ಯವನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ (ಅಲ್ ಹುಜುರಾತ್: 11). ಆನುವಂಶಿಕತೆ, ಥೈರಾಯ್ಡ್, ಔಷಧಿಗಳು, ಮನಸ್ಸಿನ ನೋವು ಹೀಗೆ ಒಬ್ಬನ ತೂಕದ ಹಿಂದೆ ನಮಗೆ ಕಾಣದ ಎಷ್ಟೋ ಕಾರಣಗಳಿರಬಹುದು. ಗೇಲಿಗೊಳಗಾದವನು ಹೊಟ್ಟೆ ಕರಗಿಸುವುದಿಲ್ಲ, ಒಳಗೊಳಗೇ ಕರಗಿಹೋಗುತ್ತಾನೆ. ಅವನಿಗೆ ಬೇಕಾದುದು ಫಜ್ರ್‌ನ ಬಳಿಕ ಜೊತೆಗೆ ನಡೆಯುವ ಒಬ್ಬ ಗೆಳೆಯ, ಅವನೊಂದಿಗೆ ಅದೇ ಸಾದಾ ಊಟ ಉಣ್ಣುವ ಒಂದು ಕುಟುಂಬ.

ಇಂದು ರಾತ್ರಿಯ ಊಟದಿಂದಲೇ ಆರಂಭಿಸೋಣ: ಬಿಸ್ಮಿಲ್ಲಾಹ್ ಎಂದು ಹೇಳಿ, ಒಂದು ಸೌಟು ಅನ್ನ ಕಡಿಮೆ, ಒಂದು ಸೌಟು ಪಲ್ಯ ಹೆಚ್ಚು. ಸುಜೂದ್‌ಗೆ ಬಾಗಬಲ್ಲ ದೇಹವನ್ನು ಕೊನೆಯ ತನಕ ಉಳಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.