ಮೇಲೆ ನಲವತ್ತು ನಿಮಿಷ, ಕೆಳಗೆ ಹಾವೇರಿ

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆಗೆ ನಕ್ಷೆ ಮೇಲೆ ಗೆರೆ ಎಳೆದ್ರೆ ಸುಮಾರು 175 ಕಿ.ಮೀ. ಗಂಟೆಗೆ 500 ಕಿ.ಮೀ. ಆಸುಪಾಸಿನ ಎಟಿಆರ್ ವಿಮಾನಕ್ಕೆ ಬರೀ 21 ನಿಮಿಷದ ದಾರಿ. ಏರೋದು, ಇಳಿಯೋದು ಸೇರಿಸಿದ್ರೆ 40. ಎಂಜಿನಿಯರಿಂಗ್ ಓದಿದ ಚಟ, ಇಂಥ ಲೆಕ್ಕ ಕಂಡ್ರೆ ಬಿಡೋಕಾಗಲ್ಲ. ಆ ಗೆರೆಯ ಪಕ್ಕದಲ್ಲೇ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಇವೆ. ಅಲ್ಲಿಯವರಿಗೆ ಈ 40 ನಿಮಿಷದಿಂದ ಏನು ಸಿಗುತ್ತೆ?

ರಾಣೆಬೆನ್ನೂರಿನಿಂದ ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ನೂರು ಕಿ.ಮೀ. ದೂರ, ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಬೆಂಗಳೂರಿಗೆ ಹೋಗಬೇಕಾದವರು ಹುಬ್ಬಳ್ಳಿಯಿಂದ ಹಾರ್ತೀನಿ ಅಂದ್ಕೊಳ್ಳಿ. ರಸ್ತೆಗೆ ಎರಡು ತಾಸು, ಚೆಕ್-ಇನ್‌ಗೆ ಒಂದು, ಹಾರಾಟಕ್ಕೆ ಒಂದು ಚಿಲ್ಲರೆ, ದೇವನಹಳ್ಳಿಯಿಂದ ಊರೊಳಗೆ ಬರೋಕೆ ಮತ್ತೆ ಒಂದೂವರೆ. ಆರು ತಾಸು ಹೋಯ್ತು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೇರ ಬಂದ್ರೆ 300 ಕಿ.ಮೀ.; ಐದು, ಐದೂವರೆ ತಾಸು. ಅಂದ್ರೆ ದುಡ್ಡು ಕೊಟ್ಟು ಹಿಂದಕ್ಕೆ ಹೋಗಿ, ತಡವಾಗಿ ತಲುಪಬೇಕು.

ದೆಹಲಿ, ಮುಂಬೈಗೆ ಹೋಗೋರ ಲೆಕ್ಕ ಬೇರೆ, ಒಪ್ತೀನಿ. ಹವಾಯಿ ಚಪ್ಪಲಿಯವರೂ ವಿಮಾನ ಹತ್ತಲಿ ಅನ್ನೋ ಉಡಾನ್ ಯೋಜನೆಯ ಆಸೆಯಲ್ಲೂ ತಪ್ಪಿಲ್ಲ. ಆದ್ರೆ ನಮ್ಮ ರಾಜಕಾರಣ ಅಳೆಯೋದು ರನ್‌ವೇಯ ಉದ್ದವನ್ನ, ಮನೆ ಬಾಗಿಲಿನಿಂದ ಹಿಡಿಯುವ ಹೊತ್ತನ್ನಲ್ಲ. ಸುಮಾರು 450 ಕೋಟಿ ರೂಪಾಯಿಯ ಶಿವಮೊಗ್ಗ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರುವರಿ 27ರಂದು, ಯಡಿಯೂರಪ್ಪನವರ 80ನೇ ಹುಟ್ಟುಹಬ್ಬದ ದಿನ. ಮೊದಲ ಪ್ರಯಾಣಿಕ ವಿಮಾನ ಇಳಿದದ್ದು ಆಗಸ್ಟ್ 31ಕ್ಕೆ. ಆರು ತಿಂಗಳು ಮೊದಲೇ ಕೇಕ್ ಕತ್ತರಿಸಿಯಾಗಿತ್ತು!

ಈಗ ರೈಲು ನೋಡಿ. ರಾಣೆಬೆನ್ನೂರಿನಿಂದ ಶಿವಮೊಗ್ಗಕ್ಕೆ ರೈಲಲ್ಲಿ ಹೋಗೋರು ದಾವಣಗೆರೆ ದಾಟಿ, ಬೀರೂರಿಗೆ ಇಳಿದು, ಭದ್ರಾವತಿ ಮೇಲೆ ಸುತ್ತಿ ಬರಬೇಕು. ನೂರರ ದಾರಿ ಇನ್ನೂರು ದಾಟುತ್ತೆ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗ ಮುಗಿದ್ರೆ ಈ ಸುತ್ತು ತಪ್ಪುತ್ತೆ. ವಿಮಾನದ ಫೋಟೋ ಹಾಕುವ ನಾಯಕರ ಬಾಯಲ್ಲಿ ಈ ಮಾರ್ಗದ ಗಡುವು ಯಾಕೆ ಬರಲ್ಲ? ಇದೂ ಯಡಿಯೂರಪ್ಪನವರ ಊರ ಮೇಲೇ ಹೋಗೋದಲ್ವಾ.

ಬ್ಯಾಡಗಿ ವಿಷಯ ಇನ್ನೂ ಖಾರ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮೆಣಸಿನಕಾಯಿ ಅದು. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಇಲ್ಲಿಗೆ ಬರುತ್ತೆ, ಬಹುಪಾಲು ಲಾರಿಯಲ್ಲಿ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋಯ್ತು. ನಾನು ಬೆಂಕಿಯ ಪರ ಅಲ್ಲ. ಆದ್ರೆ ನೂರಾರು ಕಿ.ಮೀ. ಬಾಡಿಗೆ ಕೊಟ್ಟು ಚೀಲ ತಂದವನಿಗೆ, ದರ ಬಿತ್ತು ಅಂತ ಅದನ್ನ ವಾಪಸ್ ಒಯ್ಯೋಕೆ ಮತ್ತೆ ಬಾಡಿಗೆ ಬೇಕು. ಆ ದಿನ ಅವನ ಮುಂದೆ ಇದ್ದದ್ದು ಎರಡೇ ದಾರಿ: ಸಿಕ್ಕಷ್ಟಕ್ಕೆ ಮಾರೋದು, ಇಲ್ಲಾ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ತಿಂಗಳ ಬಾಡಿಗೆ ಎಣಿಸ್ತಾ ಕೂರೋದು.